ದೊರೆಯ ವಿಗ್ಗು

ಅಪ್ಪಾ,

ಅಮ್ಮನನ್ನು ಡಾಕ್ಟರಿಗೆ ತೋರಿಸಿ, ತೊಕ್ಕೊಟ್ಟಿನ ಟ್ರಾಫಿಕ್ಕಿನಲ್ಲಿ ಸೋತು ಮನೆಗೆ ಬಂದೆವು. ಅಡುಗೆಗೆ ಕೈ ಏಳಲಿಲ್ಲ. ನೀವು ಗಲ್ಫಿನಿಂದ ಕ್ಯಾಸೆಟ್ ತಂದಿದ್ದ, ರಾಜರ ಕಾಲದ ವೇಷಗಳ ಆ ಹಳೆಯ ಹಾಲಿವುಡ್ ಕಾಮಿಡಿಯನ್ನು ನೀವು ತೀರಿಹೋದ ಮೇಲೆ ಮೊದಲ ಸಲ, ನೆಟ್ಟಿನಲ್ಲಿ ಹುಡುಕಿ ಟಿವಿಗೆ ಹಾಕಿದೆ. ಬಾಗಿಲಲ್ಲಿ ಸಿಕ್ಕಿಕೊಳ್ಳುವ ಗೌನು ಕಂಡು ಅಮ್ಮ ಮೊದಲಿನಂತೆಯೇ ನಕ್ಕಳು.

ತುಳುವಿನಲ್ಲಿ ಹೇಳಿಕೊಡಲು ನೀವಿರಲಿಲ್ಲ, ಸಬ್‌ಟೈಟಲ್ ಇತ್ತು. ನಿಮ್ಮ ತುಳುವಿನಲ್ಲಿ ದೊರೆ ಕೊನೆಗೆ ಹೆಂಡತಿಗೆ, "ಇಷ್ಟು ವರ್ಷ ನಿನ್ನನ್ನು ಒಬ್ಬಳನ್ನೇ ಬಿಟ್ಟದ್ದು ತಪ್ಪಾಯಿತು" ಅನ್ನುತ್ತಿದ್ದ. ಚಿತ್ರದಲ್ಲಿ ಅವನು ಕೇಳುವುದು ತನ್ನ ವಿಗ್ಗು ಎಲ್ಲಿ ಎಂದಷ್ಟೇ.

ಅಮ್ಮನಿಗೆ ಹೇಳಲೋ ಬೇಡವೋ ಎಂದು ಅವಳ ಮುಖ ನೋಡಿದೆ.

"ನನಗೆ ಆಗಲೇ ಗೊತ್ತುಂಟು," ಅಂದಳು. "ಅವ ವಿಗ್ಗು ಹುಡುಕುವುದು ಕಾಣ್ತದಲ್ಲ. ತಪ್ಪಾಯಿತು ಅಂತ ಹೇಳಿದ್ದು ನಿನ್ನ ಅಪ್ಪ. ಅದಕ್ಕೇ ಪುನಃ ಪುನಃ ಹಾಕ್ಲಿಕ್ಕೆ ಹೇಳ್ತಿದ್ದೆ."