ಭಾನುವಾರದ ಬಹುಮತ

ಇವಳೇ,

ಮದುವೆಯಾದಾಗಿನಿಂದ ನಿನ್ನನ್ನು ಹೀಗೆಯೇ ಕರೆದು ಅಭ್ಯಾಸ, ಕಾಗದದಲ್ಲೂ ಬೇರೇನೂ ತೋಚಲಿಲ್ಲ. ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಿದ್ದಾನಲ್ಲ, ಇವನಿಗೇನಾಯಿತು ಎಂದುಕೊಳ್ಳಬೇಡ. ಎದುರಿಗೆ ಕೂತು ಹೇಳಹೊರಟರೆ ನಾನು ಪಾಠ ಶುರುಮಾಡಿಬಿಡುತ್ತೇನೆ, ನೀನು ತಲೆಯಾಡಿಸುತ್ತಾ ಕೇಳಿಬಿಡುತ್ತೀಯ. ಅದಕ್ಕೇ ಅಧ್ಯಾಪಕರ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಪಕ್ಕದ ಮೇಜಿನಲ್ಲಿ ಅರ್ಥಶಾಸ್ತ್ರದವರು ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದಾರೆ. ನನ್ನ ಮುಖ ನೋಡುವವರು ಯಾರೂ ಇಲ್ಲದಿರುವುದೇ ಒಳ್ಳೆಯದಾಯಿತು, ಏಕೆಂದರೆ ನನಗೆ ನಾಚಿಕೆಯಾಗುತ್ತಿದೆ.

ಇವತ್ತು ಹೊಸ ಮಕ್ಕಳಿಗೆ ರಾಜ್ಯಶಾಸ್ತ್ರದ ಮೊದಲ ತರಗತಿ. ನಿನಗೆ ಗೊತ್ತಲ್ಲ, ಪ್ರತಿವರ್ಷ ಆ ದಿನ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮದುವೆಗೆ ಹೊರಟವನ ಹಾಗೆ ಹೊರಡುತ್ತೇನೆ. ರಾಜಕೀಯ ಎಂದರೆ ಮಂತ್ರಿಗಳು, ಮೆರವಣಿಗೆ, ಮೈಕು ಎಂದುಕೊಂಡು ಬಂದಿರುತ್ತಾರೆ ಪಾಪ. ಅವರಿಗೆ ಹೇಳುತ್ತೇನೆ: ನಾಲ್ಕು ಜನ ಒಂದು ಸೂರಿನಡಿ ಇದ್ದು, ಎಲ್ಲರಿಗೂ ಸೇರಿದ ಒಂದು ವಿಷಯವನ್ನು ತೀರ್ಮಾನಿಸಬೇಕಾಗಿ ಬಂದರೆ ಅಲ್ಲೇ ರಾಜಕೀಯ ಶುರುವಾಯಿತು. ಯಾರ ಮಾತು ನಡೆಯುತ್ತದೆ ಎಂಬುದು ಅಧಿಕಾರ. ಆ ಮಾತನ್ನು ಉಳಿದವರು ಯಾಕೆ ಒಪ್ಪುತ್ತಾರೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಹೆದರಿ ಒಪ್ಪಿದರೆ ಒಂದು ಥರ, ಮನಸಾರೆ ಒಪ್ಪಿದರೆ ಇನ್ನೊಂದು ಥರ. ಇಷ್ಟು ಹೇಳಿ, ಉದಾಹರಣೆಗೆ ನಮ್ಮ ಮನೆಯನ್ನು ಎಳೆದು ತರುತ್ತೇನೆ. ಭಾನುವಾರ ಊಟವಾದ ಮೇಲೆ ನಮ್ಮ ಸಭೆ. ಫ್ಯಾನು ಕೊಳ್ಳುವುದರಿಂದ ಹಿಡಿದು ರಜೆಗೆ ಎಲ್ಲಿಗೆ ಹೋಗುವುದು ಎನ್ನುವವರೆಗೆ ಎಲ್ಲವೂ ಕೈ ಎತ್ತಿಯೇ ತೀರ್ಮಾನ. ತರಗತಿಯ ಮಕ್ಕಳು ನಗುತ್ತಾರೆ, ನಾನು ಉಬ್ಬುತ್ತೇನೆ.

ಇವತ್ತೂ ಉಬ್ಬಿದೆ. ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ಆ ಸಭೇಲಿ ನೀವು ಯಾವತ್ತಾದ್ರೂ ಸೋತಿದ್ದೀರಾ?" ಅವಳ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದಳು. ನಾನು ಯೋಚಿಸಿದೆ. "ಇಲ್ಲಮ್ಮ, ಸೋತಿದ್ದು ನೆನಪಿಲ್ಲ" ಎಂದೆ. "ಹಾಗಾದ್ರೆ ಅದು ವೋಟಲ್ಲ ಸಾರ್, ಹಾಜರಿ" ಎಂದು ಹೇಳಿ ಕೂತುಬಿಟ್ಟಳು. ತರಗತಿಗೆ ತರಗತಿಯೇ ನಕ್ಕಿತು. ನಾನೂ ನಕ್ಕೆ, ನಗದಿದ್ದರೆ ಇದ್ದ ಮರ್ಯಾದೆಯೂ ಹೋಗುತ್ತಿತ್ತು.

ಉಳಿದ ಪಾಠ ಹೇಗೆ ಮುಗಿಸಿದೆನೋ ಗೊತ್ತಿಲ್ಲ. ಒಳಗೊಳಗೇ ನಾನು ಸೋತ ಒಂದು ಭಾನುವಾರವನ್ನು ಹುಡುಕುತ್ತಿದ್ದೆ. ಕೊನೆಗೆ ಒಂದು ಸಿಕ್ಕಿತು: ನಡುಮನೆಯ ಪರದೆ. ನಾನು ನೀಲಿ ಎಂದೆ, ನೀನು ಹಸಿರು ಎಂದೆ, ಮಗಳು ನಿನ್ನ ಕಡೆ, ಅಮ್ಮ ಕೂಡ ಅಪ್ಪಿತಪ್ಪಿ ಸೊಸೆಯ ಕಡೆಗೇ ಕೈ ಎತ್ತಿದ್ದಳು. ನಾನು ಏನು ಮಾಡಿದೆ ಹೇಳು? ಚರ್ಚೆ ಸಾಲದು ಎಂದು ಮುಂದಿನ ವಾರಕ್ಕೆ ಹಾಕಿದೆ. ಆ ವಾರವಿಡೀ ಅಮ್ಮನ ಮುಂದೆ ನೀಲಿಯ ಗುಣಗಾನ ಮಾಡಿದೆ, ಮಗಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋದೆ. ಈಗ ಕಿಟಕಿಯಲ್ಲಿ ನೇತಾಡುತ್ತಿರುವುದು ನೀಲಿಯೇ. ಆಗಾಗ ಅದನ್ನು ಬಿಚ್ಚಿ, ಒಗೆದು, ಮತ್ತೆ ಏರಿಸುವವಳು ನೀನು. ಒಂದು ದಿನವೂ ಚಕಾರ ಎತ್ತಿಲ್ಲ.

ಪರದೆ ಹಾಳಾಗಿ ಹೋಗಲಿ. ಅದರ ಹಿಂದೆಯೇ ನೆನಪಾದದ್ದು ಮೊನ್ನೆಯ ಭಾನುವಾರ.

ನರ್ಸಿಂಗ್ ಶಾಲೆಗೆ ಮುಖ್ಯಸ್ಥೆಯಾಗಿ ಬನ್ನಿ ಎಂದು ನಿನ್ನನ್ನು ಕರೆದಿದ್ದಾರೆ. ರೈಲಿನಲ್ಲಿ ಒಂದು ಹಗಲಿನ ದಾರಿ. ವಾರ್ಡುಗಳಲ್ಲಿ ನಿಂತೂ ನಿಂತೂ ಕಾಲು ಊದಿಸಿಕೊಂಡವಳಿಗೆ ಹೊಸ ಹುಡುಗಿಯರನ್ನು ತಯಾರು ಮಾಡುವ ಕೆಲಸ. "ಹೋಗ್ಬೇಕು ಅಂತ ಆಸೆ ಇದೆ ರೀ. ನೀವೇನಂತೀರಿ?" ಎಂದು ನೀನು ಕೇಳಿದ್ದು ನನ್ನನ್ನು. ನನ್ನೊಬ್ಬನನ್ನು. "ನಾನೊಬ್ಬ ಹೇಳೋಕೆ ಯಾರೇ? ಸಭೇಲಿ ಇಡೋಣ" ಎಂದೆ, ಭಾರಿ ದೊಡ್ಡ ಮನುಷ್ಯನ ಹಾಗೆ. ಸಭೆಯಲ್ಲಿ ಅಮ್ಮನ ಮಂಡಿನೋವಿನ ಮಾತು ತೆಗೆದೆ, ಮಗಳ ಪರೀಕ್ಷೆಯ ಮಾತು ತೆಗೆದೆ, ನಿನ್ನ ಆಸೆಯ ಮಾತು ಮಾತ್ರ ತೆಗೆಯಲಿಲ್ಲ. ಆಮೇಲೆ, "ಇವಳು ನಮ್ಮ ಜೊತೆ ಮನೇಲೇ ಇರ್ಬೇಕು ಅನ್ನೋರು ಕೈ ಎತ್ತಿ" ಎಂದೆ. ಹಾಗೆ ಕೇಳಿದರೆ ಯಾವ ಮಗಳು ಕೈ ಎತ್ತದೆ ಕೂರುತ್ತಾಳೆ? ಪ್ರಶ್ನೆಯನ್ನು ಯಾರು ಬರೆಯುತ್ತಾರೋ ಅರ್ಧ ಗೆಲುವು ಅವರದೇ ಎಂದು ಮಕ್ಕಳಿಗೆ ಪಾಠ ಮಾಡುವವನು ನಾನೇ. ಅಮ್ಮ ಎಂದಿನಂತೆ ಮೊದಲು ನನ್ನ ಮುಖ ನೋಡಿ, ಆಮೇಲೆ ಕೈ ಎತ್ತಿದಳು. ಕೊನೆಗೆ ನೀನೂ ಎತ್ತಿದೆ. "ನೋಡಿದ್ರಾ, ಸರ್ವಾನುಮತ" ಎಂದು ನಾನು ಚಪ್ಪಾಳೆ ತಟ್ಟಿದೆ. ನೀನು ತಟ್ಟೆಗಳನ್ನು ಜೋಡಿಸಿಕೊಂಡು ಒಳಗೆ ಹೋದೆ. ನಲ್ಲಿಯ ನೀರು ತುಂಬ ಹೊತ್ತು ಸುರಿಯುತ್ತಿತ್ತು. ನನಗೆ ಕೇಳಿಸಿತ್ತು ಕಣೇ, ಕೇಳಿಸಲಿಲ್ಲ ಎಂದು ಸುಳ್ಳು ಹೇಳಲಾರೆ. ಪೇಪರು ತಿರುವುತ್ತಾ ಕೂತಿದ್ದೆ.

ಹಕ್ಕು ಎಂದರೇನು ಎಂದು ಮಕ್ಕಳಿಗೆ ನಾನು ಹೇಳಿಕೊಡುವುದು ಇಷ್ಟೇ: ಊರಿಗೆ ಊರೇ ಕೈ ಎತ್ತಿದರೂ ಒಬ್ಬರಿಂದ ಕಿತ್ತುಕೊಳ್ಳಬಾರದ್ದು. ಅದನ್ನು ಕರಿಹಲಗೆಯ ಮೇಲೆ ಬರೆದು ಕೆಳಗೆ ಗೆರೆಯನ್ನೂ ಎಳೆಯುತ್ತೇನೆ. ನಿನ್ನ ಓದು, ನಿನ್ನ ಕೆಲಸ, ನಿನ್ನ ಇಷ್ಟು ವರ್ಷದ ದುಡಿಮೆ ಸಭೆಗೆ ಬರಬೇಕಾದ ವಿಷಯವೇ ಆಗಿರಲಿಲ್ಲ. ಅದನ್ನು ತಂದು ಫ್ಯಾನು, ಪರದೆಗಳ ಸಾಲಿನಲ್ಲಿಟ್ಟೆ. ಪಾಠ ಮಾಡುವ ಬಾಯಿಗೂ ಸಂಜೆ ಮನೆಗೆ ಬರುವ ಮನುಷ್ಯನಿಗೂ ಇಷ್ಟು ದೂರವಿದೆಯೆಂದು ತಿಳಿದು ತಲೆ ತಗ್ಗಿಸುವಂತಾಗಿದೆ.

ಅವರಿಗೆ ನೀನು ಉತ್ತರ ಕೊಡಲು ನಾಳೆ ಸಂಜೆಯವರೆಗೆ ಸಮಯವಿದೆ. ಇಲ್ಲಿ "ಹೋಗು" ಎಂದು ಬರೆದೆ, ಬರೆದು ಹೊಡೆದುಹಾಕಿದೆ. ಅಪ್ಪಣೆ ಕೊಡಲು ನಾನ್ಯಾರು? ಅಮ್ಮನ ಮಂಡಿಗೆ ಎಣ್ಣೆ ತಿಕ್ಕಲು ನನಗೂ ಕೈಗಳಿವೆ, ಮಗಳನ್ನು ಬೆಳಿಗ್ಗೆ ಎಬ್ಬಿಸಲು ನನಗೂ ಬಾಯಿದೆ. ಇದು ನಿನಗೆ ಗೊತ್ತಿರಲಿ, ಅಷ್ಟೇ. ಏನು ಬರೆಯಬೇಕೆನಿಸುತ್ತದೋ ಅದನ್ನು ಬರೆದು ಕಳಿಸು, ಕಳಿಸಿದ ಮೇಲೆ ನನಗೆ ತಿಳಿಸಿದರೆ ಸಾಕು.

ಇನ್ನೊಂದು ಮಾತು ಉಳಿದಿದೆ. ಹೇಳಿದರೆ ನಿನ್ನನ್ನು ಕಟ್ಟಿಹಾಕಿದಂತಾಗುತ್ತದೋ ಎಂಬ ಭಯ, ಹೇಳದಿದ್ದರೆ ಈ ಕಾಗದವೂ ಸುಳ್ಳಾಗುತ್ತದೆ. ಅಂದು ನೀನು ಕೇಳಿದಾಗ ನನ್ನಲ್ಲಿದ್ದ ಉತ್ತರ ಒಂದೇ: ನೀನಿಲ್ಲದ ಮನೆಗೆ ಸಂಜೆ ಬರಲು ನನಗೆ ಹೆದರಿಕೆ. ಅಮ್ಮನ ಮಂಡಿಯೂ ಅಲ್ಲ, ಮಗಳ ಪರೀಕ್ಷೆಯೂ ಅಲ್ಲ. ಈ ವಯಸ್ಸಿನಲ್ಲಿ ಹೆಂಡತಿಯ ಮುಂದೆ ಅಷ್ಟು ಹೇಳಲು ನಾಚಿ, ಮನೆಮಂದಿಯೆಲ್ಲರ ಕೈ ಎತ್ತಿಸಿದೆ. ನಿನ್ನ ಕೈಯನ್ನೂ.

ಎಲ್ಲೇ ಇರು, ನಿನ್ನ ಕೈಗುಣಕ್ಕೆ ಕೊರತೆಯಾಗದಿರಲಿ, ನೆಮ್ಮದಿಯ ನಿದ್ದೆ ಬರಲಿ.

ಇಂತಿ,
ನಿನ್ನ ಮನೆಯವನು