ಅಕ್ಕನ ಪಥ್ಯ

14-11-1949, ಸೋಮವಾರ, ಸಂಜೆ

ಹೌದು, ಹೊಡೆದೆ. ಸುಮ್ಮನೆ ಹೊಡೆದೆನಾ? ಅಕ್ಕನ ಸೊಂಟಕ್ಕೆ ಒದ್ದವನು ಅವನು, ಅವಳ ಗಂಡ ಪಾಂಡುರಂಗ. ಹುಮನಾಬಾದಿನಿಂದ ಬಂದು ನಮ್ಮ ಪಡಸಾಲೆಯಲ್ಲಿ ಕೂತು, "ನನ್ನ ಹೆಂಡ್ತೀನ ಕಳಸ್ರಿ, ಸಾಕು ನಾಟಕ" ಅಂದ. ತಂಬಿಗೆ ಎತ್ತಿ ಬಾಯಿಗೆ ಬಾರಿಸಿದೆ. ಹಲ್ಲೊಂದು ಹೋಯಿತು. ಹೋಗಲಿ.

ಅಪ್ಪ ನನ್ನ ಕೊರಳಪಟ್ಟಿ ಹಿಡಿದ. "ಅಳ್ಯಾನ ಮ್ಯಾಲ ಕೈ ಮಾಡ್ತೀ? ಸಾಲಿ ಬಿಟ್ಟ ದನಾ!"

"ದನಾ ಒದ್ರ ಕಟ್ಟಿ ಹಾಕ್ತೀರಿ. ಅಂವ ಒದ್ರ ಚಾದರ ಹಾಸಿ ಕೂಡಸ್ತೀರಿ!"

ಅಕ್ಕ ಗೋಡೆ ಹಿಡಿದುಕೊಂಡು ಒಳಗೆ ಹೋದಳು.

15-11-1949

ವೈದ್ಯ ಬಸವಣಪ್ಪನವರು ಬಂದು ಅಕ್ಕನಿಗೆ ಪಥ್ಯ ಹೇಳಿದರು. ಬಿಸಿ ಅನ್ನ, ತುಪ್ಪ. ಬೆಳ್ಳುಳ್ಳಿ ಕುದಿಸಿದ ಹಾಲು. ಎಳ್ಳೆಣ್ಣೆ ತಿಕ್ಕಿ ಬಿಸಿನೀರು. ಕಡಲೆ ಬೇಡ, ತಂಗಳು ಬೇಡ, ಕೊಡ ಹೊರಬಾರದು. "ಉಪಾಸ ಅಂತೂ ಬ್ಯಾಡೇ ಬ್ಯಾಡ. ಖಾಲಿ ಹೊಟ್ಟ್ಯಾಗ ವಾತ ಕುಣೀತದ."

ನಾನೇ ನೋಡಿಕೊಳ್ಳುತ್ತೇನೆ ಅಂದೆ. ಯಾರು ತಪ್ಪಿಸುತ್ತಾರೋ ನೋಡೋಣ.

21-11-1949, ಸೋಮವಾರ

ಅವ್ವ ತಪ್ಪಿಸಿದಳು! ಗಂಡನಿಗೆ ಬುದ್ಧಿ ಬರಲಿ ಅಂತ ಅಕ್ಕನಿಂದ ಸೋಮವಾರದ ಉಪವಾಸ ಮಾಡಿಸಿದ್ದಾಳೆ. ಸಂಜೆಗೆ ಅವಳ ಎದುರಿಗೆ ಗಂಗಾಳದಲ್ಲಿ ಹುರಿಗಡಲೆ. ಗಂಗಾಳಕ್ಕೆ ಒದ್ದೆ. ಕಡಲೆ ಬೀದಿವರೆಗೂ ಹಾರಿತು.

"ಒದ್ದಂವ ಉಂಡು ತಿರಗ್ಯಾನ. ಒದಿಸ್ಕೊಂಡಾಕಿ ಉಪಾಸ ಇರಬೇಕೇನು?" ಕಿರುಚಿದೆ. ಒಲೆಗೂ ಒದ್ದೆ.

ಗಾಣದ ಬಿಸ್ಮಿಲ್ಲಾ ಬೀ ಎಣ್ಣೆ ಕೊಡಲು ಬಂದವಳು ಬಾಗಿಲಲ್ಲೇ ನಿಂತಳು. "ಏ ಪೈಲ್ವಾನ್, ಅಂವಾ ಹೆಂಡ್ತೀಗೆ ಒದ್ದ. ನೀ ಒಲೀಗೆ ಒದೀತಿ. ಹಲ್ಲು ಯಾರ್ದು ಹೋಗ್ತದೋ ಈ ಸಲ?"

ಕಾಲು ಸುಟ್ಟಿತ್ತು. ಅಕ್ಕ ಬೆಳಗಿನವರೆಗೂ ನರಳಿದಳು.

30-11-1949

ಒಂಬತ್ತು ದಿನ ನಾನೇ ಎದುರಿಗೆ ಕೂತು ಉಣ್ಣಿಸಿದೆ. ತುತ್ತು ಬಿಟ್ಟರೆ ಗದರಿಸಿದೆ. ಆದರೂ ನೋವು ಹೆಚ್ಚು.

ವೈದ್ಯರು ಅಕ್ಕನ ಸೊಂಟ ಮುಟ್ಟಿ ನೋಡಿದರು. "ಊಟ ಸರಿ ಅದ. ಎಣ್ಣಿ ಸರಿ ಅದ. ಬಿಗಿ ಮಾತ್ರ ಬಿಡವಲ್ದು. ಸರುಬಾಯಿ, ಮನ್ಯಾಗ ಯಾರಿಗರ ಅಂಜ್ತೀಯೇನವ್ವಾ?"

ಅಕ್ಕ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

"ಅಂಜಿಕಿನೂ ಅಪಥ್ಯ. ಕಡಲಿ ತಿನ್ನೂದಕ್ಕಿಂತ ಕೆಟ್ಟ."

"ಹೇಳ! ಯಾರು ಅಂಜಸ್ತಾರ? ಹೇಳ!" ಅಂದೆ. ಕೈ ಮೇಲೆ ಹೋಗಿತ್ತು. ಹೊಡೆಯಲು ಅಲ್ಲ. ಮಾತಾಡುವಾಗ ಏಳುತ್ತದೆ ನನ್ನ ಕೈ...

ಅಕ್ಕ ಎರಡೂ ಕೈಯಿಂದ ಸೊಂಟ ಮುಚ್ಚಿಕೊಂಡಳು.

3-12-1949, ಬೆಳಿಗ್ಗೆ

ಅವಳೇ ಕರೆದಳು. ದೂರದಲ್ಲೇ ಕೂಡಿಸಿದಳು.

"ಅಂವನ ಮನೀಗಿ ಹೋಗಂಗಿಲ್ಲ ಅಂತ ಅಪ್ಪಗ ಹೇಳೀನಿ. ಒಪ್ಪ್ಯಾನ."

"ಛಲೋ ಆತು."

"ನೀನೂ ಇಲ್ಲಿ ಇರಬ್ಯಾಡ ತಮ್ಮಾ. ನನ್ನ ಸಲುವಾಗೇ ಒದರ್ತೀ, ಗೊತ್ತದ. ಆದ್ರ ನಿನ್ನ ಹೆಜ್ಜಿ ಸಪ್ಪಳ ಕೇಳಿದ್ರ ನನ್ನ ಸೊಂಟ ಕಲ್ಲಾಗ್ತದ. ಅಂವನ ಸಪ್ಪಳಕ್ಕ ಆಗ್ತಿತ್ತಲ್ಲ, ಹಾಂಗ."

ಅವನು ಮತ್ತು ನಾನು ಒಂದೇ! ಗೋಡೆಗೆ ಗುದ್ದಿದೆ. ಬೆರಳು ಒಡೆದು ರಕ್ತ. ಅಕ್ಕ ಕಣ್ಣು ಮುಚ್ಚಿಕೊಂಡಳು.

ಹೋಗುತ್ತೇನೆ. ಚಿಟಗುಪ್ಪದಲ್ಲಿ ಸೋದರಮಾವ ಇದ್ದಾನೆ. ಗಂಟು ಕಟ್ಟಿ ಆಯಿತು. ಅವ್ವ ಹೊಸ್ತಿಲಲ್ಲಿ ಅಳುತ್ತ ನಿಂತು, "ಈಗ ಕಣ್ಣು ಹತ್ಯಾವ ಅಕ್ಕಂಗ, ಮಲಗ್ಯಾಳ, ಕದಾ ಮೆಲ್ಲಕ ಹಾಕು" ಅನ್ನುತ್ತಿದ್ದಾಳೆ. ಮೆಲ್ಲಗೆ? ಹೊರಗೆ ದಬ್ಬಿಸಿಕೊಂಡವನು ಮೆಲ್ಲಗೆ ಹಾಕಬೇಕಾ? ಚೌಕಟ್ಟು ಕಿತ್ತು ಬರುವ ಹಾಗೆ ಧಡಾರ್ ಅಂತ ಹಾಕಿಯೇ ಹೋಗುತ್ತೇನೆ.