ಹ್ಞೂಂ ಅನ್ನದಿದ್ದರ ಹಳ್ಳ ದಾಟಂಗಿಲ್ಲ

ಲಿಂಗಸೂಗೂರು
ಸೋಮವಾರ, ೧೨-೨-೧೯೯೬

ಪ್ರೀತಿಯ ಅವ್ವಗ,

ನಾ ಆರಾಮ ಇದ್ದೀನಿ ಅಂತ ಬರಿಯೋದು ರೂಢಿ. ಇವತ್ತು ಬರಿಯಂಗಿಲ್ಲ. ಸಿಟ್ಟಿನಾಗ ಇದ್ದೀನಿ.

ಮದಲ ನಿನ್ನ ಮ್ಯಾಲಿನ ಸಿಟ್ಟು. ಶನಿವಾರದ ಎಕ್ಸಿಬಿಷನ್ನಿಗೆ ನಾ ಮಾಡಿದ ಕಂಪ್ಯೂಟರ್ ಗೇಮಿನಾಗ ನಿನ್ನ ಏಳು ಹಳ್ಳದ ಕಥಿ ಹಾಕೀನಿ ಅಂತ ತಿಳಿಸಿದರ, ನೀ ಏನು ಬರೆದಿ? ನಾ ಅಂಗನವಾಡಿಯಾಗ ಹುಡುಗ್ರಿಗೆ ಹೇಳೋ ಕಥಿ ಕಾಲೇಜಿನಾಗ ಯಾಕಬೇ, ನಕ್ಕಾರು ಅಂತ. ಯಾರು ನಗೋದು? ಯಾಕ ನಗೋದು? ನಿನ್ನ ಕಥಿಗೆ ನೀನೇ ನಾಚಿಕೊಂಡರ ಹೆಂಗ?

ಇನ್ನ ನಮ್ಮ ಕಂಪ್ಯೂಟರ್ ಸರ್ ಮ್ಯಾಲಿನ ಸಿಟ್ಟು. ಉಳಿದವರೆಲ್ಲ ವಿಮಾನ ಹೊಡಿಯೋ ಗೇಮು, ಕಾರು ಓಡಿಸೋ ಗೇಮು ಮಾಡ್ಯಾರ. ನನ್ನದರಾಗ ಚಿತ್ರ ಇಲ್ಲ. ಕರೀ ಪರದೆ, ಹಸಿರು ಅಕ್ಷರ, ಅಷ್ಟೇ. ಕನ್ನಡ ಮಾತನ್ನ ಇಂಗ್ಲಿಷ್ ಅಕ್ಷರದಾಗ ಹೊಡದೀನಿ. ಊರಿನ ನೀರು ಕದ್ದ ರಾಕ್ಷಸೀನ ಹುಡುಕಿಕೊಂಡು ಹುಡುಗಿ ಹೊಂಟಾಳ. ಒಂದೊಂದು ಹಳ್ಳದ ದಂಡಿಗೆ ಒಬ್ಬೊಬ್ಬರು ಕುಂತು ತಮ್ಮ ದುಃಖ ಹೇಳತಾರ. ಆಡೋರು ಒಂದೊಂದು ಸಾಲು ಓದಿ ಎಚ್ ಬಟನ್ ಒತ್ತಬೇಕು. ಎಚ್ ಅಂದ್ರ ಹ್ಞೂಂ. ಓದದೇ ಪಟಪಟ ಒತ್ತಿದರ ಹಳ್ಳ ತುಂಬಿ ಬರತೈತಿ, ಮತ್ತ ಮದಲಿಂದ. ನೀನೂ ಹಂಗೇ ಅಲ್ಲೇನು? ನಾ ಹ್ಞೂಂ ಅನ್ನೋದು ಮರೆತರ ಕಥಿ ನಿಲ್ಲಿಸಿಬಿಡತಿದ್ದಿ. ಕೇಳದೇ ಹ್ಞೂಂ ಅಂದರೂ ಹಿಡಿದುಬಿಡತಿದ್ದಿ. ಐದನೇ ಕ್ಲಾಸಿಗೆ ಮಸ್ಕಿ ಹಾಸ್ಟೆಲ್ಲಿಗೆ ಹಾಕಿದಿ ನೋಡು, ಆಮ್ಯಾಲೆ ನಾ ಹ್ಞೂಂ ಅನ್ನಾಕ ಯಾರ ಕಥೀನೂ ಇರಲಿಲ್ಲ.

ಕಡೀಕ ರಾಕ್ಷಸಿ. ಆಕೀನ ಯಾರೂ ಕೊಲ್ಲಂಗಿಲ್ಲ. ಆಕಿ ಮಾತು ಪೂರ್ತಿ ಕೇಳಿದರ ಸಾಕು, ಅಳತಾಳ. ಆ ಕಣ್ಣೀರಿನ ಹಿಂದಿಂದ ಊರಿನ ನೀರು ಬರತೈತಿ. ನನ್ನ ರೂಮ್‌ಮೇಟ್ ರಾಜಾಬೀ ಆಡುವಾಗ ಬಟನ್ ಒತ್ತತಾ ಬಾಯಿಲೇ ಹ್ಞೂಂ, ಹ್ಞೂಂ ಅಂದಳು, ನಿನ್ನಾಣಿ!

ಸರ್ ಎರಡನೇ ಹಳ್ಳಕ್ಕೇ ಕೈ ತೆಗೆದರು. ಕತ್ತಿ ಎಲ್ಲಿ, ಸ್ಕೋರ್ ಎಲ್ಲಿ ಅಂದರು. ಇದೇನು ಗೇಮೋ, ಸತ್ತೋರ ಮನಿಗೆ ಮಾತಾಡ್ಸಾಕ ಹೋಗೋದೋ ಅಂತ ಎಲ್ಲಾರ ಮುಂದ ಕೇಳಿದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಕೈಯಾಗ ಕತ್ತಿ ಕೊಟ್ಟರ ಯಾರು ಬೇಕಾದರೂ ರಾಕ್ಷಸೀನ ಕೊಲ್ಲತಾರ. ಕುಂತು ಕೇಳೋದು ಇಷ್ಟು ಓದಿದವರ ಕೈಲೇ ಆಗಲಿಲ್ಲ!

ಆಮ್ಯಾಲೆ, ಇದು ಯಾವ ಪುಸ್ತಕದ್ದು ಅಂತ ಕೇಳಿದರು. ನಾ ಹೇಳೋದು ಹೇಳಿದೆ. ಒಮ್ಮಿಗೇ ಅವರ ಮುಖ ಬದಲಾತು. ವೆರಿ ಗುಡ್, ಭಾಳ ಡೀಪ್ ಐತಿ ಅಂದು ಎಕ್ಸಿಬಿಷನ್ನಿನಾಗ ಮೊದಲನೇ ಟೇಬಲ್ಲೇ ಕೊಟ್ಟರು.

ನಕ್ಕಾರು ಅಂದಾಕಿ ನೀನೇ, ರಜಾ ಹಾಕಿ ಬರತೀನಿ, ಸಿಂಧನೂರಾಗ ಸೀರಿ ತಗೊಂಡೀನಿ ಅಂತ ಅದೇ ಕಾಗದದ ಕೆಳಗ ಬರೆದಾಕೀನೂ ನೀನೇ. ಬರಬ್ಯಾಡ ಅವ್ವ. ಬಸ್ಸು ರಷ್ ಇರತೈತಿ. ಇಲ್ಲಿ ಭಾಳ ಗದ್ದಲ, ನಿನಗ ತ್ರಾಸು.

ನಿನ್ನ ಮಗಳು,
ಪಾರ್ವತೆಮ್ಮ

ತಾ.ಕ.: ಅಂಟಿಸಿದ ಲಕೋಟಿ ಹರಿದು ಬರಿಯಾಕತ್ತೀನಿ. ನೀ ನಾಚಿಕೊಂಡಿ ಅಂತ ಬೈದೆನಲ್ಲ, ನಂದು ಕೇಳು. ಯಾವ ಪುಸ್ತಕ ಅಂತ ಸರ್ ಕೇಳಿದಾಗ, ಇಂಗ್ಲಿಷ್ ಪುಸ್ತಕ ಸರ್ ಅಂದುಬಿಟ್ಟೆ. ಟೇಬಲ್ ಮ್ಯಾಲೆ ಹಂಗೇ ಬೋರ್ಡು ಬರೆಸ್ಯಾರ. ಅದನ್ನ ನೀ ಓದತಿ ಅಂತ ಬರಬ್ಯಾಡ ಅಂದೆ. ಆದರ ಏಳನೇ ಹಳ್ಳ ದಾಟಿದ ಮ್ಯಾಲೆ ನಿನ್ನ ಹೆಸರಿನ ಕಡೀ ಸಾಲು ಒಂದು ಐತಿ: ಈ ಕಥಿ ಹೇಳಿದಾಕಿ ಬಳಗಾನೂರಿನ ಯಮನಮ್ಮ. ಸರ್ ಅಲ್ಲೀತನ ಹೋಗೇ ಇಲ್ಲ, ಅವರಿಗೆ ಗೊತ್ತಿಲ್ಲ. ಶನಿವಾರ ಬಾ. ಮಸ್ಕಿಯಾಗ ಬಸ್ಸು ಬದಲಿಸು. ಹೊಸ ಸೀರಿ ಉಟ್ಟು ಮೊದಲನೇ ಟೇಬಲ್ಲಿಗೆ ಕುಂದ್ರು. ಬೋರ್ಡು ನಾ ಕಿತ್ತಿಡತೀನಿ. ಸರ್‌ನ ನಿನ್ನ ಬಾಜೂಕ ಕುಂದ್ರಿಸತೀನಿ. ಕಥಿ ನೀ ಹೇಳು. ಹ್ಞೂಂ ಅವರು ಅನ್ನಲಿ.